ಮೊದಲ ಸಾಲಿನ ಮೊದಲ ಹೂ

ಜನವರಿ 11

ಅಪ್ಪ,

ಹೋದ ವಾರ ನಾನು ಫೋನಿನಲ್ಲಿ ಅರ್ಧ ಗಂಟೆ ಕೂಗಿದ್ದು ಪಕ್ಕದ ಮನೆಯವರಿಗೆಲ್ಲ ತಿಳಿಯಿತಂತೆ, ನಿನಗೊಬ್ಬನಿಗೆ ಬಿಟ್ಟು. ಅತ್ತೆ ಹೇಳಿದಳು. ಆದ್ದರಿಂದ ಈ ಕಾಗದ. ಕಿವಿ ಕೈಕೊಟ್ಟರೂ ನಿನ್ನ ಕಣ್ಣು ಇನ್ನೂ ನನ್ನದಕ್ಕಿಂತ ಚುರುಕು ಎಂದು ನನಗೆ ಗೊತ್ತು.

ವಿಷಯ ಇಷ್ಟೆ. ಜೂನ್ ತಿಂಗಳಲ್ಲಿ ನಮ್ಮ ಸಂಗ್ರಹಾಲಯದಲ್ಲಿ ಒಂದು ಪ್ರದರ್ಶನ ಶುರುವಾಗುತ್ತದೆ. ಪೂರ್ತಿ ನನ್ನದೇ ಉಸ್ತುವಾರಿ. ಪ್ರತಿ ಮೇಜಿನ ಎಡಕ್ಕೆ ನೂರಾರು ವರ್ಷದ ಹಳೆಯ ಅಚ್ಚಿನ ಬಟ್ಟೆ, ಬಲಕ್ಕೆ ಅದರದ್ದೇ ಇವತ್ತಿನ ನಕಲು. ಬಂದವರ ಕೈಗೆ ಒಂದೊಂದು ಭೂತಗನ್ನಡಿ ಕೊಟ್ಟು, ವ್ಯತ್ಯಾಸ ಎಲ್ಲಿದೆ ನೀವೇ ಹುಡುಕಿ ಎನ್ನುತ್ತೇವೆ. ಹನ್ನೊಂದು ಜೋಡಿ ಆಗಿದೆ. ಹನ್ನೆರಡನೆಯ ಮೇಜಿಗೆ ನನಗೆ ನಮ್ಮ ಮನೆಯ ಹೊದಿಕೆ ಬೇಕು.

ಹೌದು, ಅದೇ. ಹನ್ನೆರಡು ವರ್ಷದ ಹಿಂದೆ, ನಿನ್ನ ಅಜ್ಜಿ ತಾನೇ ಅಚ್ಚು ಹಾಕಿದ್ದು ಎಂದು ನೀನು ಇಲ್ಲಿಗೆ ತಂದು ಕೊಟ್ಟಿದ್ದೆಯಲ್ಲ, ಆ ಕೆಂಪು ಹೂವಿನ ಹೊದಿಕೆ. ನಾನು ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು. ನನ್ನ ಮೊದಲ ವರದಿ ಅದರ ಮೇಲೆಯೇ ಬಂತು. ಅದರ ಕೆಂಪು ಗಿಡದ ಬೇರಿನಿಂದ ತೆಗೆದ ಕೆಂಪಲ್ಲ, ಡಬ್ಬಿಯಲ್ಲಿ ಬರುವ ರಾಸಾಯನಿಕ ಕೆಂಪು, ನಿನ್ನ ಅಜ್ಜಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಬಂದ ಬಣ್ಣ ಎಂದು ಬರೆದು ಸಹಿ ಹಾಕಿದ್ದೆ. ಅದು ಯಾರೋ ಮಾಡಿದ ನಕಲು. ಆದರೆ ಎಂಥ ನಕಲು! ಈಗಿನವೆಲ್ಲ ಯಂತ್ರದ್ದು, ಅದೊಂದೇ ಕೈಯಚ್ಚಿನದ್ದು. ಒಂದು ದಾರ ಕಿತ್ತು ಮಾಡಿಸಿದ ಬಣ್ಣದ ಪರೀಕ್ಷೆಯ ಫಲಿತಾಂಶ ಬರುವವರೆಗೆ ಮೂರು ದಿನ ನನ್ನನ್ನೇ ಏಮಾರಿಸಿತ್ತು. ಅದನ್ನು ಬಲಗಡೆ, ನಕಲುಗಳ ಕಡೆ ಇಡುತ್ತೇನೆ, ಎಡಕ್ಕೆ ನಮ್ಮಲ್ಲಿರುವ ಬೇರಿನ ಕೆಂಪಿನ ಹಳೆಯ ಬಟ್ಟೆಯೊಂದು ಬರುತ್ತದೆ.

ನಿನಗೆ ಬೇಸರವಾಗಬಹುದು. ಹನ್ನೆರಡು ವರ್ಷವಾಯಿತಲ್ಲ ಅಪ್ಪ, ಹೊಟ್ಟೆಗೆ ಹಾಕಿಕೊ. ಪಾರ್ಸೆಲ್ ಮಾಡುವಾಗ ಮಡಿಕೆಗಳ ನಡುವೆ ಬಿಳಿ ಕಾಗದ ಇಡು.

ಚುಕ್ಕಿ


ಜನವರಿ 24

ಚುಕ್ಕಿ,

ನಿನ್ನ ಕಾಗದ ಬಂದಾಗ ನಿನ್ನ ಅತ್ತೆ ನನಗಿಂತ ಮೊದಲು ಒಡೆದು ಓದಿ, ಆಮೇಲೆ ಅಂಟಿಸಿ ಕೊಟ್ಟಳು. ನಮ್ಮ ಅಂಚೆಯಲ್ಲಿ ಈಚೆಗೆ ಕಾಗದಗಳು ತಾವೇ ಬಿಚ್ಚಿಕೊಳ್ಳುತ್ತವಂತೆ. ಅವಳು ಹೇಳಿದ್ದು, ನಾನು ನಂಬಿದ್ದು.

ಪ್ರದರ್ಶನ ನಿನ್ನದೇ ಎಂದು ತಿಳಿದು ಎದೆ ಉಬ್ಬಿತು. ಆರು ವರ್ಷದವಳಿದ್ದಾಗ ನನ್ನ ಬಣ್ಣದ ತಟ್ಟೆಯಲ್ಲಿ ಬೆರಳದ್ದಿ ಗೋಡೆಗೆಲ್ಲ ಚುಕ್ಕಿ ಇಟ್ಟವಳು ಇವತ್ತು ಊರಿಗೆಲ್ಲ ಬಣ್ಣ ತೋರಿಸುತ್ತೀಯ.

ಆ ಹೊದಿಕೆ ಎಲ್ಲಿದೆಯೋ ನೋಡಬೇಕು. ನಿನ್ನ ಅಮ್ಮ ಇಟ್ಟ ವಸ್ತು ದೇವರಿಗೂ ಸಿಗುವುದಿಲ್ಲ, ಅವಳು ಹೋದ ಮೂರು ವರ್ಷದಿಂದ ನಾನು ನನ್ನ ಉಣ್ಣೆ ಟೋಪಿಯನ್ನೇ ಹುಡುಕುತ್ತಿದ್ದೇನೆ. ಅದರ ಬದಲು ಬೇರೆ ಏನಾದರೂ ಕಳಿಸಲೇ? ನೀಲಿ ಬಳ್ಳಿಯ ಮೇಜುಬಟ್ಟೆ ಇದೆ. ನಾನೇ ಮಾಡಿದ್ದು, ನಕಲಿನಲ್ಲಿ ಅದೂ ಕಡಿಮೆಯದಲ್ಲ.

ಇಲ್ಲಿ ಅಚ್ಚುಮನೆಯ ಆರು ಮೇಜಿನಲ್ಲಿ ಎರಡಕ್ಕೆ ಕೆಲಸ ಇದೆ. ಒಂದು ಹೋಟೆಲಿನವರು ಪರದೆಗೆ ಹೇಳಿದ್ದಾರೆ. "ಹೂ ಸ್ವಲ್ಪ ಚಿಕ್ಕದು ಮಾಡಿ, ದೊಡ್ಡ ಹೂ ನೋಡಿದರೆ ಗಿರಾಕಿಗಳಿಗೆ ಅಜ್ಜಿ ಮನೆ ನೆನಪಾಗುತ್ತೆ" ಎಂದರು. ಅಜ್ಜಿ ಮನೆ ನೆನಪಾದರೆ ಏನು ತೊಂದರೆಯೋ ನನಗೆ ತಿಳಿಯಲಿಲ್ಲ.

ವರದಿಯ ಜೊತೆ ಅಂದು ನೀನು ನನಗೊಂದು ಕಾಗದ ಬರೆದಿದ್ದೆ. 'ಬಟ್ಟೆ ಸುಳ್ಳು ಹೇಳುವುದಿಲ್ಲ, ಹೇಳುವವರು ಮನುಷ್ಯರು' ಎಂದು. ಹೊದಿಕೆ ಹುಡುಕಲು ಹೋಗಿ ಆ ಕಾಗದ ಸಿಕ್ಕಿತು. ಸದ್ಯಕ್ಕೆ ಸಿಕ್ಕಿದ್ದು ಅಷ್ಟೇ.

ಅಪ್ಪ


ಫೆಬ್ರವರಿ 2

ಅಪ್ಪ,

ಮೇಜುಬಟ್ಟೆ ಬೇಡ. ಹೊದಿಕೆಯೇ ಬೇಕು.

ನೀನು ಮುನಿಸಿಕೊಂಡಿದ್ದೀಯ ಎಂದು ನನಗೆ ಗೊತ್ತಾಗುತ್ತದೆ. ನೀನು ತಮಾಷೆ ಮಾಡುವುದೇ ಮುನಿಸು ಬಂದಾಗ. ಆದರೆ ನನ್ನ ಕೆಲಸ ಏನೆಂದು ಒಮ್ಮೆಯಾದರೂ ಬಂದು ನೋಡಿದ್ದರೆ ನಿನಗೆ ಸಿಟ್ಟಿನ ಬದಲು ಖುಷಿಯಾಗುತ್ತಿತ್ತು. ನಿನ್ನೆ ಒಂದು ಹಳೆಯ ಪರದೆ, ಅದರ ಹೊಸ ನಕಲು ಎರಡನ್ನೂ ಅಕ್ಕಪಕ್ಕ ಹಾಸಿದ್ದೆ. ಹಳೆಯದರಲ್ಲಿ ಯಾರೋ ಹರಿದ ಜಾಗ ಹೊಲಿದಿದ್ದಾರೆ. ನಕಲು ಮಾಡಿದ ಯಂತ್ರ ಆ ಹೊಲಿಗೆಯನ್ನೂ ಹೂವಿನಂತೆ ಅಚ್ಚು ಹಾಕಿದೆ! ಬೆರಳಾಡಿಸಿದರೆ ದಾರವೇ ಇಲ್ಲ. ಯಾರೋ ಚೆಲ್ಲಿಕೊಂಡ ಕಲೆಯೂ ಹಾಗೇ ಇದೆ, ಪ್ರತಿ ಮೂರು ಅಡಿಗೊಮ್ಮೆ ಅದೇ ಕಲೆ. ನಗು ಬಂತು. ಹಳೆಯದರಲ್ಲಿ ಬಣ್ಣ ಬಟ್ಟೆಯ ಬೆನ್ನಿಗೂ ಇಳಿದಿರುತ್ತದೆ, ಊಟವಾದ ಮೇಲೆ ಹಾಕಿದ ಸಾಲು ತುಸು ಸೊಟ್ಟಗಿರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಕಲಿಯಲಿಲ್ಲ, ನಿನ್ನ ಮೇಜಿನ ಕೆಳಗೆ ಕೂತು ಕಲಿತೆ.

ನಮ್ಮ ಮುಖ್ಯಸ್ಥೆಯನ್ನು ನಾವೆಲ್ಲ ಬೆನ್ನ ಹಿಂದೆ 'ದುರ್ಬೀನು' ಎನ್ನುತ್ತೇವೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು. ಅವಳಿಗೆ ನಾನು ಹನ್ನೆರಡು ಜೋಡಿ ಎಂದು ಮಾತು ಕೊಟ್ಟಾಗಿದೆ. ಅಪ್ಪನ ವಸ್ತುವನ್ನೇ ನಕಲೆಂದು ಬರೆದವಳು ಎಂಬ ಕಾರಣಕ್ಕೇ ಇವತ್ತಿಗೂ ಅವಳು ನನ್ನನ್ನು ನಂಬುತ್ತಾಳೆ.

ಒಂದು ಮಾತು ಹೇಳುತ್ತೇನೆ, ನೊಂದುಕೊಳ್ಳಬೇಡ. ಅಮ್ಮ ಇದ್ದಿದ್ದರೆ ಒಂದೇ ವಾರದಲ್ಲಿ ಪಾರ್ಸೆಲ್ ಬಂದಿರುತ್ತಿತ್ತು. ನನ್ನ ವರದಿಯನ್ನು ಮನೆಯಲ್ಲಿ ನಂಬಿದವಳು ಅವಳೊಬ್ಬಳೇ.

ಚುಕ್ಕಿ


ಫೆಬ್ರವರಿ 20

ಚುಕ್ಕಿ,

ಹೊದಿಕೆ ಸಿಕ್ಕಿತು. ನಿನ್ನ ಅಮ್ಮನ ಪೆಟ್ಟಿಗೆಯಲ್ಲೇ ಇತ್ತು, ತಳದಲ್ಲಿ.

ಈಗಲೇ ಕಳಿಸಲಾಗುವುದಿಲ್ಲ. ತೊಳೆದು ಒಣಗಿಸಬೇಕು. ಏಪ್ರಿಲ್ ಆದರೆ ಆದೀತೇ? ಕೆಲವು ವಿಷಯ ತಿಳಿಸು. ಅದನ್ನು ಗಾಜಿನೊಳಗೆ ಇಡುತ್ತೀರೋ ಹಾಗೇ ಇಡುತ್ತೀರೋ? ದೀಪ ಎಷ್ಟು ದೂರ? ಮತ್ತೆ ದಾರ ಕೀಳುತ್ತೀರಾ? ನಿನ್ನ ಹತ್ತಿರ ಹಳೆಯ ಫೋಟೋಗಳಿವೆಯೇ, ಅಥವಾ ಅವು ಎಲ್ಲಾದರೂ ಹಾಳಾದವೇ?

ಸುಮ್ಮನೆ ಕೇಳಿದೆ.

ಅಪ್ಪ


ಏಪ್ರಿಲ್ 6

ಚುಕ್ಕಿ,

ಇದರ ಜೊತೆ ಪಾರ್ಸೆಲ್ ಇದೆ. ಮಡಿಕೆಗೆ ಬಿಳಿ ಕಾಗದ ಇಟ್ಟಿದ್ದೇನೆ. ಮೇಜಿನ ಮೇಲೆ ಹಾಸುವಾಗ ಮೊದಲ ಸಾಲು ನೋಡುವವರ ಕಡೆ ಬರಲಿ, ಅದು ನೇರವಾಗಿದೆ.

ಅಪ್ಪ

ಇದು ಅತ್ತೆ. ನಿನ್ನ ಅಪ್ಪ ಬಚ್ಚಲಿಗೆ ಹೋಗಿದ್ದಾನೆ, ಬೇಗ ಬರೆಯುತ್ತೇನೆ. ಆರು ವಾರದಿಂದ ಅಚ್ಚುಮನೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳುತ್ತಾನೆ. ಏನೋ ಅಂದರೆ "ಧೂಳು ಹೊಡೀತಿದೀನಿ" ಅಂತಾನೆ. ಧೂಳು ಹೊಡೆಯುವವನ ಮೊಣಕೈವರೆಗೂ ಕೆಂಪು ಯಾಕೆ? ಚಹಾ ಪುಡಿ ನಾಲ್ಕು ಡಬ್ಬಿ ಖಾಲಿ, ನನಗೆ ಒಂದು ಲೋಟ ಚಹಾ ಸಿಗಲಿಲ್ಲ. ಈಗ ಬಲಗೈ ಭುಜದ ಮೇಲಕ್ಕೆ ಏಳುತ್ತಿಲ್ಲ. ಅಂಗಿ ನಾನೇ ತೊಡಿಸುತ್ತೇನೆ. ನೀವಿಬ್ಬರೂ ಏನು ಮಾಡುತ್ತಿದ್ದೀರೋ ನನಗೆ ಗೊತ್ತಿಲ್ಲ, ಆದರೆ ಎಪ್ಪತ್ತೆಂಟು ವರ್ಷದವನಿಗೆ ಇದು ಬೇಡ.


ಏಪ್ರಿಲ್ 19

ಅಪ್ಪ,

ಇದು ಆ ಹೊದಿಕೆ ಅಲ್ಲ.

ನನ್ನ ಹೊಟ್ಟೆಪಾಡೇ ಇದು ಎಂಬುದನ್ನು ನೀನು ಮರೆತೆಯಾ? ಪಾರ್ಸೆಲ್ ಬಿಚ್ಚಿದೊಡನೆ ಕೋಣೆಯೆಲ್ಲ, ಹಳೆಯದಾಗಿ ಕಾಣಲೆಂದು ನೀನು ಬಟ್ಟೆ ಅದ್ದಿದ ಚಹಾದ ವಾಸನೆ. ಮಡಿಕೆಗಳ ಸವೆತವನ್ನು ಕಲ್ಲಿನಿಂದ ಉಜ್ಜಿ ತಂದಿದ್ದೀಯ, ಎಲ್ಲ ಕಡೆ ಒಂದೇ ಸಮ ಇದೆ. ವರ್ಷಗಟ್ಟಲೆ ಮಡಿಸಿಟ್ಟ ಬಟ್ಟೆ ಹೊರಗಿನ ಮಡಿಕೆಯಲ್ಲಿ ಹೆಚ್ಚು, ಒಳಗಿನದರಲ್ಲಿ ಕಡಿಮೆ ಸವೆಯುತ್ತದೆ. ಬಟ್ಟೆಯ ಬೆನ್ನಿನಲ್ಲಿ ಬಣ್ಣ ಇನ್ನೂ ಹಸಿ ಹಸಿ. ದುರ್ಬೀನಿನ ಮುಂದೆಯೇ ಬಿಚ್ಚಿದ್ದೆ. ಅವಳು ಮೂಗಿನ ಹತ್ತಿರ ಹಿಡಿದು, "ನಿಮ್ಮ ತಂದೆಯವರು ತುಂಬಾ ಕಷ್ಟಪಟ್ಟಿದ್ದಾರೆ" ಎಂದಳು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ನಿಜ ಹೇಳು. ಆ ಹೊದಿಕೆಯನ್ನು ಏನು ಮಾಡಿದೆ? ಯಾರಿಗಾದರೂ ಮಾರಿದೆಯಾ? ಮಾರಿದ್ದರೆ ಏನೆಂದು ಹೇಳಿ ಮಾರಿದೆ? ಅಜ್ಜಿಯ ಕೈಯದು ಎಂದೇ? ನಾನು ನಕಲು ಎಂದು ಬರೆದು ಕೊಟ್ಟ ಮೇಲೂ?

ಮಗಳಿಗೇ ಮೋಸ ಮಾಡಲು ಆರು ವಾರ ಬಾಗಿಲು ಹಾಕಿಕೊಂಡು ಕೂತೆಯಲ್ಲ ಅಪ್ಪ. ಅದನ್ನು ಹೇಗೆ ತಡೆದುಕೊಳ್ಳಲಿ ಎಂದು ನನಗೆ ತಿಳಿಯುತ್ತಿಲ್ಲ.

ಚುಕ್ಕಿ


ಏಪ್ರಿಲ್ 30

ಚುಕ್ಕಿ,

ಮಾರಿಲ್ಲ.

ಅದು ಈಗ ಇಲ್ಲ. ಅದಕ್ಕಿಂತ ಹೆಚ್ಚು ಕೇಳಬೇಡ. ನಾನು ಕಳಿಸಿದ್ದನ್ನೇ ಇಡು. ನಿನಗೆ ಬೇಕಾಗಿದ್ದು ಒಂದು ನಕಲು. ಅದು ನಕಲೇ.

ಅಪ್ಪ


ಮೇ 14

ಅಪ್ಪ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದನ್ನಾದರೂ ಕೊನೆಯವರೆಗೆ ಬರೆಯುತ್ತೇನೆ.

ನಿನ್ನ ಮೇಲಿನ ಸಿಟ್ಟಿಗೆ ಹಳೆಯ ಕಡತ ತೆಗೆದೆ. ನೀನು ಕಳಿಸಿದ್ದು ಬೇರೆ, ಅಂದು ತಂದದ್ದು ಬೇರೆ ಎಂದು ಬರೆದಿಡಬೇಕಲ್ಲ. ಅದರಲ್ಲಿ ಹೊದಿಕೆಯ ಪ್ರತಿ ಸಾಲಿನ ಫೋಟೋ ಇದೆ, ಹದಿನಾಲ್ಕು ಸಾಲು, ಸಾಲಿಗೆ ಒಂಬತ್ತು ಹೂ. ಅವನ್ನು ನೀನು ಕಳಿಸಿದ್ದರ ಪಕ್ಕ ಇಟ್ಟು ಒಂದೊಂದೇ ಹೂ ನೋಡುತ್ತ ಹೋದೆ.

ನೀನು ಕಳಿಸಿದ್ದರಲ್ಲಿ ನೂರ ಇಪ್ಪತ್ತಾರು ಹೂವಿನಲ್ಲೂ ಮೂರನೆಯ ಎಸಳಿನ ಮೇಲೆ ಒಂದು ಬಿಳಿ ಗೆರೆ ಇದೆ, ಎಸಳಿನ ತುದಿಯಿಂದ ಹೂವಿನ ನಡುವಿನವರೆಗೆ. ಅದು ನಿನ್ನ ಕಪಾಟಿನಲ್ಲಿರುವ ಅಜ್ಜಿಯ ಮರದ ಅಚ್ಚಿನ ಬಿರುಕು. ಎಲ್ಲ ಹೂವಿನಲ್ಲೂ ಅಷ್ಟೇ ಉದ್ದ, ಅಚ್ಚಿಗೆ ನೀನು ಕಬ್ಬಿಣದ ಪಟ್ಟಿ ಬಿಗಿದಿರುವುದರಿಂದ ಅದು ಇನ್ನು ಬೆಳೆಯುವುದಿಲ್ಲ.

ಹಳೆಯ ಫೋಟೋದಲ್ಲಿ ಹಾಗಿಲ್ಲ. ಒಂದು ಹೂ ಬಿಟ್ಟರೆ, ಮೊದಲ ನಾಲ್ಕು ಸಾಲಿನಲ್ಲಿ ಗೆರೆಯೇ ಇಲ್ಲ. ಐದನೆಯ ಸಾಲಿನಲ್ಲಿ ಎಸಳಿನ ತುದಿಗೆ ಕೂದಲಿನಷ್ಟು ಬರುತ್ತದೆ. ಒಂಬತ್ತರಲ್ಲಿ ಅರ್ಧ ಎಸಳು. ಹದಿನಾಲ್ಕರಲ್ಲಿ ನಡುವಿನವರೆಗೆ. ಅಚ್ಚು ಒಡೆಯುತ್ತಾ ಹೋಗಿದೆ, ನಿನ್ನ ಅಜ್ಜಿ ನಿಲ್ಲಿಸದೆ ಹಾಕುತ್ತಾ ಹೋಗಿದ್ದಾಳೆ. ಆ ಅಚ್ಚು ಮೊದಲ ಸಲ ಒಡೆದದ್ದು ಆ ಬಟ್ಟೆಯ ಮೇಲೆಯೇ. ಒಮ್ಮೆ ಪೂರ್ತಿ ಒಡೆದ ಅಚ್ಚಿನಿಂದ ಹೀಗೆ ಸಾಲಿನಿಂದ ಸಾಲಿಗೆ ಬೆಳೆಯುವ ಬಿರುಕು ಯಾರಿಂದಲೂ ಬರುವುದಿಲ್ಲ. ಅದು ನಕಲು ಆಗಿರಲು ಸಾಧ್ಯವೇ ಇರಲಿಲ್ಲ.

ಆಮೇಲೆ ಮೊದಲ ಸಾಲಿಗೆ ಮರಳಿದೆ. ಎಡ ಮೂಲೆಯ ಮೊದಲ ಹೂವಿನಲ್ಲಿ ಮಾತ್ರ ಗೆರೆ ನಡುವಿನವರೆಗೆ ಪೂರ್ತಿ ಇದೆ. ಪಕ್ಕದ ಎಂಟು ಹೂವಿನಲ್ಲಿ ಬಿರುಕಿಲ್ಲ, ಅದೊಂದರಲ್ಲಿ ಇದೆ. ಆ ಹೂ ಬೇರೆಯವುಗಳ ಜೊತೆ ಹುಟ್ಟಿದ್ದಲ್ಲ. ಯಾರೋ ಎಷ್ಟೋ ವರ್ಷದ ಮೇಲೆ ಅಲ್ಲಿ ತೇಪೆ ಹಾಕಿ, ಒಡೆದ ಅಚ್ಚನ್ನೇ ಒತ್ತಿದ್ದಾರೆ. ಹಿಗ್ಗಿಸಿ ನೋಡಿದರೂ ಹೊಲಿಗೆ ಕಾಣುವುದಿಲ್ಲ. ಹಾಗೆ ದಾರಕ್ಕೆ ದಾರ ನೇಯುವ ಕೈ ನನಗೆ ಗೊತ್ತಿರುವುದು ಒಂದೇ.

ಪರೀಕ್ಷೆಯ ದಾರವನ್ನು ಮೂಲೆಯಿಂದ ತೆಗೆಯಬೇಕು, ನಡುವೆ ಕೈ ಹಾಕಬಾರದು ಎಂಬುದು ನಮ್ಮಲ್ಲಿ ನಿಯಮ. ನಾನು ಮೂಲೆಯಿಂದ ತೆಗೆದೆ. ವರದಿಯ ಮೊದಲ ಪುಟದಲ್ಲೇ ಬರೆದಿದ್ದೇನೆ: 'ಎಡ ಮೂಲೆಯ ಮೊದಲ ಹೂವಿನಿಂದ.' ನೂರ ಇಪ್ಪತ್ತೈದು ಹೂ ಬಿಟ್ಟು ಆ ಒಂದಕ್ಕೇ ಕೈ ಹಾಕಿದೆ. ದಾರದ ಫಲಿತಾಂಶ ಬಂದ ಮೇಲೆ ಉಳಿದದ್ದನ್ನು ನೋಡಲೇ ಇಲ್ಲ.

ನೀನು ಆ ವರದಿ ಓದಿದ ದಿನವೇ ನಿನಗೆ ತಿಳಿದಿತ್ತು. ಅಲ್ಲವೇ ಅಪ್ಪ? ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾಕೆ ಹೇಳಲಿಲ್ಲ?

ಹೊದಿಕೆ ಎಲ್ಲಿದೆ? ಸುಟ್ಟಿರಲಿ, ಹರಿದಿರಲಿ, ಒಂದು ಗೇಣು ಉಳಿದಿದ್ದರೂ ಸಾಕು. ವರದಿ ತಿದ್ದುತ್ತೇನೆ. ಕೈ ಮುಗಿಯುತ್ತೇನೆ, ಹೇಳು.

ಚುಕ್ಕಿ


ಮೇ 27

ಚುಕ್ಕಿ,

ಇಷ್ಟು ದಿನ ಬೇಕಾಯಿತು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಊಟವಾದ ಮೇಲೆ ಬರೆದದ್ದು ಎಂದುಕೊ.

ತೇಪೆ ನಾನೇ ಹಾಕಿದ್ದು. ನಿನಗೆ ಆಗ ಆರು ವರ್ಷ. ನಿನ್ನ ಅಮ್ಮ ತನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ನಾನು ಏನೋ ಇಸ್ತ್ರಿ ಮಾಡುತ್ತ ಪೆಟ್ಟಿಗೆಯನ್ನು ಹೊದಿಕೆಯ ಮೂಲೆಯ ಮೇಲೆ ಮರೆತುಬಿಟ್ಟೆ. ಅಂಗೈ ಅಗಲ ಸುಟ್ಟಿತು. ನಿನ್ನ ಅಮ್ಮ ಆ ಹೊದಿಕೆಯನ್ನು ನನಗಿಂತ ಹೆಚ್ಚು ಜೋಪಾನ ಮಾಡುತ್ತಿದ್ದವಳು, ಭಾನುವಾರ ಬರುವವಳಿದ್ದಳು. ಅಂಚಿನ ಒಳಮಡಿಕೆಯಿಂದ ಅದೇ ಬಟ್ಟೆಯ ಖಾಲಿ ತುಂಡು ತೆಗೆದು ಮೂರು ದಿನ ನೇಯ್ದು ಕೂಡಿಸಿದೆ. ಬೇರಿನ ಕೆಂಪು ತೆಗೆಯಲು ಹತ್ತು ದಿನ ಬೇಕು. ಡಬ್ಬಿಯ ಕೆಂಪನ್ನು ಕಲಸಿ ಕಣ್ಣಂದಾಜಿನಲ್ಲಿ ಹೊಂದಿಸಿದೆ. ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಹೊದಿಕೆಯನ್ನು ನಿಮ್ಮಲ್ಲಿಗೆ ತಂದಾಗ ನನಗೆ ಆ ಮೂಲೆ ನೆನಪೇ ಇರಲಿಲ್ಲ. ಇಪ್ಪತ್ತು ವರ್ಷವಾಗಿತ್ತು. ನನ್ನ ತಲೆಯಲ್ಲಿದ್ದದ್ದು ಅಜ್ಜಿಯ ಹೆಸರೊಂದೇ. ಈ ಮನೆಯಲ್ಲಿ ಅಚ್ಚು ಕೆತ್ತಿದವಳೂ ಅವಳು, ಹಾಕಿದವಳೂ ಅವಳು, ಆದರೆ ಅಂಗಡಿಯ ಹಲಗೆಯ ಮೇಲೆ ಬರೆದದ್ದು ತಾತನ ಹೆಸರು. ಒಂದು ಗಾಜಿನ ಕೆಳಗಾದರೂ ಅವಳ ಹೆಸರು ಇರಲಿ ಎಂದು ಆಸೆಪಟ್ಟೆ. ವರದಿಯಲ್ಲಿ 'ಮೊದಲ ಹೂ' ಎಂದು ಓದಿದಾಗ ನೆನಪಾಯಿತು.

ಯಾಕೆ ಹೇಳಲಿಲ್ಲ ಎಂದರೆ ಏನು ಹೇಳಲಿ. ನೀನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಆರು ತಿಂಗಳಾದರೆ ಮಾತ್ರ ಕಾಯಂ ಎಂದು ನೀನೇ ಬರೆದಿದ್ದೆ. ಮೊದಲ ಸಹಿಯೇ ತಪ್ಪು ಎಂದು ನಿನ್ನ ಅಪ್ಪನೇ ಬಂದು ನಿಲ್ಲಬೇಕಿತ್ತೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅಜ್ಜಿ ಹೇಗೂ ಹೋದವಳು, ಇನ್ನಷ್ಟು ವರ್ಷ ಹೆಸರಿಲ್ಲದೆ ಇರುತ್ತಾಳೆ. ನೀನು ಇರುವವಳು. ಒಂದೆರಡು ವರ್ಷ ಬಿಟ್ಟು ಹೇಳೋಣ ಎಂದುಕೊಂಡೆ. ಎರಡು ಹೋಗಿ ನಾಲ್ಕಾಯಿತು, ಆಮೇಲೆ ಹೇಳುವ ಬಾಯಿಯೇ ಹೋಯಿತು.

ಇದರಲ್ಲಿ ನಾನು ಅನ್ಯಾಯ ಮಾಡಿದ್ದು ನಿನ್ನ ಅಮ್ಮನಿಗೆ. ವರದಿ ಓದಿದ ದಿನ ಅವಳು ಹೊದಿಕೆಯನ್ನು ಮಡಿಸಿ, "ನಿಮ್ಮ ಮನೆಯವರು ನಂಗೆ ಸುಳ್ಳು ಹೇಳಿ ಕೊಟ್ರು. ನಾನು ಇಷ್ಟು ವರ್ಷ ಅದನ್ನ ಪ್ರಾಣದ ಹಾಗೆ ನೋಡ್ಕೊಂಡೆ" ಎಂದಳು. ಪೆಟ್ಟಿಗೆಯ ತಳಕ್ಕೆ ಹಾಕಿದಳು, ಮತ್ತೆ ತೆಗೆಯಲಿಲ್ಲ. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಿದರೆ ಅವಳು ಸುಮ್ಮನಿರುವವಳಲ್ಲ, ಮರುದಿನವೇ ರೈಲು ಹತ್ತಿ ನಿಮ್ಮ ಕಚೇರಿಗೆ ಬರುತ್ತಿದ್ದಳು. ಒಂಬತ್ತು ವರ್ಷ ಅವಳು ನನ್ನ ಮನೆಯವರನ್ನು ಸುಳ್ಳರು ಎಂದುಕೊಂಡೇ ನನ್ನ ಜೊತೆ ಬಾಳಿದಳು.

ಅವಳು ಹೋದಾಗ ಸೇತುವೆ ಕುಸಿದು ನಿನ್ನ ರೈಲು ನಿಂತಿತ್ತು. ನೀನು ಬಂದದ್ದು ಎರಡು ದಿನ ತಡವಾಗಿ. ಅದಕ್ಕೇ ನೀನು ನೋಡಲಿಲ್ಲ. ಅವಳನ್ನು ಕಳಿಸುವಾಗ ನಾನು ಆ ಹೊದಿಕೆ ಹೊದಿಸಿದೆ. ಅದು ಅವಳ ಜೊತೆ ಹೋಯಿತು. ಒಂದು ಗೇಣೂ ಉಳಿದಿಲ್ಲ, ನನ್ನ ಕಣ್ಣಾರೆ ನೋಡಿದ್ದೇನೆ.

ಹೊದಿಸುವಾಗ ಅವಳ ಕಿವಿಯ ಹತ್ತಿರ ಹೇಳಿದೆ, "ಇದು ನಿಜದ್ದೇ ಕಣೇ, ಅಜ್ಜಿಯದ್ದೇ" ಎಂದು. ಜೀವ ಇದ್ದಾಗ ಹೇಳಲಿಲ್ಲ.

ನಿನಗೆ ಇದೆಲ್ಲ ತಿಳಿಯಬಾರದು ಎಂದೇ ನಿನ್ನ ವರದಿಗೆ ಹೊಂದುವ ಹಾಗೆ, ಡಬ್ಬಿಯ ಕೆಂಪಿನಲ್ಲೇ, ಇನ್ನೊಂದು ಮಾಡಿ ಕಳಿಸಿದೆ. ಮೋಸವೇ. ಈಗ ವರದಿ ತಿದ್ದಬೇಡ. ಬಟ್ಟೆ ಇಲ್ಲದ ಮೇಲೆ ನಿನ್ನ ಹೆಸರಿಗೆ ಮಸಿ ಯಾಕೆ.

ಅಪ್ಪ


ಜೂನ್ 8

ಅಪ್ಪ,

ನೀನು ಜೀವಮಾನದಲ್ಲಿ ಇಸ್ತ್ರಿ ಪೆಟ್ಟಿಗೆ ಮುಟ್ಟಿದವನಲ್ಲ. ನನ್ನ ಓದು ಮುಗಿದ ದಿನಕ್ಕೂ ನೀನು ಬಂದದ್ದು ಸುಕ್ಕು ಸುಕ್ಕು ಅಂಗಿಯಲ್ಲಿ, ಅಮ್ಮ ಊರಿನಲ್ಲಿರಲಿಲ್ಲ ಎಂದು.

ನನ್ನ ಎಡ ಮಣಿಕಟ್ಟಿನ ಮೇಲೆ ಒಂದು ಕಂದು ಕಲೆ ಇದೆ. ಹಾಲಿನ ಪಾತ್ರೆ ತಗುಲಿದ್ದು ಎಂದು ನೀನು ಅಮ್ಮನಿಗೆ ಹೇಳಿದ್ದೆ, ಅಮ್ಮ ನನಗೆ ಹೇಳಿದ್ದಳು. ನಿನ್ನ ಕಾಗದ ಓದಿ ಆ ಕಲೆಯನ್ನು ಎಷ್ಟು ಹೊತ್ತು ನೋಡಿದೆನೋ. ಅದರ ಒಂದು ಅಂಚು ನೇರ ಇದೆ ಅಪ್ಪ. ದುಂಡನೆಯ ಪಾತ್ರೆ ಹಾಗೆ ಸುಡುವುದಿಲ್ಲ. ಮೇಜಿನ ಮೇಲೆ ಗೊಂಬೆಯ ಅಂಗಿ ಇತ್ತು. ಅದು ನನಗೆ ನೆನಪಾಗುತ್ತಿದೆ. ಅದರ ಕೆಳಗೆ ಕೆಂಪು ಹೂ ಇತ್ತು.

ಹೊದಿಕೆ ಸುಟ್ಟವಳು ನಾನು. ನೀನು ನನಗಾಗಿ ಮುಚ್ಚಿದ ಜಾಗದಿಂದಲೇ ದಾರ ಕಿತ್ತು ನಿನ್ನನ್ನೇ ಸುಳ್ಳನೆಂದು ಬರೆದವಳೂ ನಾನು. ಅಮ್ಮ ಅದನ್ನು ನಂಬಿಕೊಂಡೇ ಹೋದಳು. ಮನೆಯಲ್ಲಿ ನನ್ನನ್ನು ನಂಬಿದವಳು ಅವಳೊಬ್ಬಳೇ ಎಂದು ಫೆಬ್ರವರಿಯಲ್ಲಿ ನಿನಗೆ ಹೆಮ್ಮೆಯಿಂದ ಬರೆದೆನಲ್ಲ, ಅದನ್ನು ಓದಿಯೂ ನೀನು ಹೊದಿಕೆ ಸಿಕ್ಕಿತು ಎಂದು ಉತ್ತರ ಬರೆದೆ. ಹೇಗೆ ಬರೆದೆ?

ದುರ್ಬೀನಿಗೆ ಎಲ್ಲ ಹೇಳಿದೆ. ಫೋಟೋಗಳನ್ನು ಸಾಲಾಗಿ ಜೋಡಿಸಿ ತೋರಿಸಿದೆ. ಬಹಳ ಹೊತ್ತು ನೋಡಿದಳು. "ನೀನು ಹೇಳೋದು ಸರಿ ಇರಬಹುದು. ಆದ್ರೆ ವಸ್ತು ಮುಂದೆ ಇಲ್ದೆ ವರದಿ ತಿದ್ದೋಕಾಗಲ್ಲ. ಫೋಟೋದಿಂದ ದಾರ ಕೀಳೋಕಾಗುತ್ತಾ?" ಎಂದಳು. ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ನಮ್ಮಲ್ಲಿ ಉಳಿದಿರುವುದು ಅಂದು ಪರೀಕ್ಷೆಗೆ ಗಾಜಿನ ಪಟ್ಟಿಯ ಮೇಲಿಟ್ಟ ಒಂದು ದಾರ, ಅದೂ ತೇಪೆಯದು. ಹಳೆಯ ಬಟ್ಟೆಗಳ ಪಟ್ಟಿಯಲ್ಲಿ ನಿನ್ನ ಅಜ್ಜಿಯ ಹೆಸರು ಇನ್ನು ಎಂದೂ ಬರುವುದಿಲ್ಲ.

ನನ್ನ ಕೈಲಾದದ್ದು ಎರಡು ಮಾಡಿದ್ದೇನೆ. ವರದಿಯ ಹಿಂದೆ ಒಂದು ಹಾಳೆ ಲಗತ್ತಿಸಿದ್ದೇನೆ, 'ಈ ವರದಿ ತಪ್ಪು, ತಪ್ಪಿದವಳು ನಾನು' ಎಂದು, ಸಹಿ ಸಮೇತ. ನೀನು ಬೇಡ ಎಂದಿದ್ದೆ, ನಾನು ಕೇಳಲಿಲ್ಲ. ಮತ್ತೆ, ಹನ್ನೆರಡನೆಯ ಮೇಜಿನ ಎಡಭಾಗ ಖಾಲಿ ಬಿಟ್ಟು, ಬಲಕ್ಕೆ ನೀನು ಕಳಿಸಿದ್ದನ್ನು ಹಾಸಿದ್ದೇನೆ. ಮೊದಲ ಸಾಲು ನೋಡುವವರ ಕಡೆಗೇ ಇದೆ. ಅದರ ಕೆಳಗಿನ ಚೀಟಿಯಲ್ಲಿ ನಿನ್ನ ಹೆಸರಿದೆ. ಆಮೇಲೆ 'ಇವರ ಅಜ್ಜಿ ಕೆತ್ತಿದ ಅಚ್ಚಿನಿಂದ, ಆಕೆಯೇ ಮುದ್ರಿಸಿದ ಹೊದಿಕೆಯ ನಕಲು. ಮೂಲ ಈಗ ಇಲ್ಲ' ಎಂದಿದೆ. ಆಕೆಯ ಹೆಸರನ್ನೂ ಪೂರ್ತಿ ಬರೆಸಿದ್ದೇನೆ. ಹಳೆಯದರ ಕಡೆ ಅಲ್ಲ ಅಪ್ಪ, ನಕಲಿನ ಕಡೆ. ಅಷ್ಟೇ ಆಯಿತು ನನ್ನಿಂದ.

ಒಂದೇ ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ. ಒಡೆದ ಅಚ್ಚು ಒತ್ತುವ ಮೊದಲು ಬಿರುಕಿಗೆ ಮೇಣ ತುಂಬಿದರೆ ಗೆರೆ ಬೀಳುವುದಿಲ್ಲ ಎಂದು ನನಗೆ ಕಲಿಸಿದವನು ನೀನು. ದಾರಕ್ಕೆ ದಾರ ನೇಯ್ದವನು ಅದೊಂದನ್ನು ಹೇಗೆ ಬಿಟ್ಟೆ?

ಜುಲೈ ಕೊನೆಗೆ ಪ್ರದರ್ಶನ ಮುಗಿಯುತ್ತದೆ, ಮರುದಿನವೇ ಬರುತ್ತೇನೆ. ಅಲ್ಲಿಯವರೆಗೆ ಬೈದಾದರೂ ಒಂದು ಕಾಗದ ಬರೆ.

ಚುಕ್ಕಿ


ಜುಲೈ 3

ಚುಕ್ಕಿ,

ಇದು ಅತ್ತೆಯ ಕೈಬರಹ. ನಿನ್ನ ಕಾಗದ ಬಂದ ಮಾರನೆಯ ದಿನ ಅಣ್ಣ ಅಚ್ಚುಮನೆಯಲ್ಲಿ ಬಿದ್ದ. ಬಲಭಾಗ ಪೂರ್ತಿ ಸ್ವಾಧೀನ ಇಲ್ಲ, ಮಾತು ತೊದಲುತ್ತದೆ. ಅವಳಿಗೆ ತಿಳಿಸಬೇಡ, ಅವಳ ಪ್ರದರ್ಶನ ಮುಗಿಯಲಿ ಎಂದು ಹಟ ಹಿಡಿದ. ಇವತ್ತು ಬೆಳಗ್ಗೆ ತಾನೇ ಸನ್ನೆ ಮಾಡಿ ಕಾಗದ, ಪೆನ್ನು ತರಿಸಿದ. ನಿನ್ನ ಕಾಗದವನ್ನು ದಿಂಬಿನ ಕೆಳಗೇ ಇಟ್ಟುಕೊಂಡಿದ್ದಾನೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ಇಷ್ಟು ಹೇಳಲು ಒಂದು ಗಂಟೆ ತೆಗೆದುಕೊಂಡ.

"ಚೀಟಿ ಚೆನ್ನಾಗಿದೆ. ಸಾಕು. ಹಾಳೆ ಅಂಟಿಸಬಾರದಿತ್ತು. ಆಯ್ತು ಬಿಡು.

"ಮೇಣದ ವಿಷ್ಯ ಕೇಳಿದ್ದೀಯ. ಮೇಣ ಪಕ್ಕದಲ್ಲೇ ಇತ್ತು. ಕರಗ್ಸಿ ಇಟ್ಕೊಂಡಿದ್ದೆ. ನೀನು ಸುಟ್ಟ ಕೈ ಹಿಡ್ಕೊಂಡು ಮೇಜಿನ ಕೆಳಗೆ ಕೂತಿದ್ದೆ. 'ಅಮ್ಮಂಗೆ ಹೇಳ್ತೀಯಾ ಅಪ್ಪ, ಅಮ್ಮಂಗೆ ಹೇಳ್ತೀಯಾ' ಅಂತ ಅಳ್ತಾ ಇದ್ದೆ. ಮೂರು ದಿನ ಆದ್ರೂ ನಿಲ್ಲಿಸಿರ್ಲಿಲ್ಲ. ಹೂ ಕಣ್ಣಿಗೆ ಬಿದ್ರೆ ಸುಮ್ನಾಗ್ತೀಯ ಅಂತ ಅವಸರ ಮಾಡ್ದೆ. ಮರೆತೆ."